ಕಾಂಕ್ರೀಟಿನ ಕಲೆ, ಕರಿಬೇವಿನ ಬೇರು

ಈ ಸಂಚಿಕೆ ಶುರುವಾಗಿದ್ದು ಒಂದು ಕರಿಬೇವಿನ ಗಿಡದಿಂದ.

ಪರ್ತ್‌ನ ಉತ್ತರ ಭಾಗದಲ್ಲಿರುವ ಒಂದು ಕನ್ನಡ ಕುಟುಂಬ ನಮಗೆ ಬರೆದಿತ್ತು. ಬಾಡಿಗೆ ಮನೆ. ಕಾರು ನಿಲ್ಲಿಸೋ ಕಾಂಕ್ರೀಟಿನ ಮೇಲೆಲ್ಲ ಇಟ್ಟಿಗೆ ಬಣ್ಣದ ಕಲೆ. ಮನೆ ಬಿಡುವ ಸಮಯ ಹತ್ತಿರ ಬಂತು, ಠೇವಣಿ ಹಣ ಕೈತಪ್ಪೀತು ಅನ್ನೋ ಭಯ. ಊರಲ್ಲಿ ಬಚ್ಚಲುಮನೆಗೆ ಆಸಿಡ್ ಹಾಕಿ ತೊಳೆದ ಅನುಭವ ಇತ್ತಲ್ಲ, ಹಾರ್ಡ್‌ವೇರ್ ಅಂಗಡಿಯಿಂದ ಈಜುಕೊಳಕ್ಕೆ ಬಳಸೋ ಹೈಡ್ರೋಕ್ಲೋರಿಕ್ ಆಮ್ಲ ತಂದು ಸುರಿದು, ಉಜ್ಜಿ, ಪೈಪಿನಿಂದ ನೀರು ಬಿಟ್ಟರು. ಕಲೆ ಅರ್ಧ ಹೋಯ್ತು. ಹೋದ ಜಾಗದಲ್ಲಿ ಕಾಂಕ್ರೀಟು ಮರಳು ಕಾಗದದ ಹಾಗೆ ಒರಟಾಯ್ತು, ಮೇಲೆ ಹಳದಿ ಛಾಯೆ ಬಂತು. ಪಕ್ಕದಲ್ಲಿ ಆರು ವರ್ಷದಿಂದ ಸಾಕಿದ್ದ ಕರಿಬೇವು ಎರಡು ವಾರದಲ್ಲಿ ಎಲೆಯೆಲ್ಲ ಉದುರಿಸಿ ಕಡ್ಡಿಯಾಯ್ತು.

"ಕಲೆಯೂ ಹೋಗಬೇಕು, ಗಿಡವೂ ಉಳಿಯಬೇಕು. ಆಗುತ್ತಾ?" ಅಂತ ಕೇಳಿದ್ದರು. ಆಗುತ್ತೆ. ಆದರೆ ಪರ್ತ್‌ಗೆ ಹೇಳಿದ ಉತ್ತರ ಬ್ರಿಸ್ಬೇನಿಗೆ ಹೊಂದಲ್ಲ, ಬ್ರಿಸ್ಬೇನಿನದು ಅಡಿಲೇಡಿಗೆ ಹೊಂದಲ್ಲ. ಅದಕ್ಕೇ ಮೂರೂ ಊರುಗಳನ್ನು ಒಟ್ಟಿಗೆ ಇಟ್ಟುಕೊಂಡು ಮಾತಾಡೋಣ ಅಂದುಕೊಂಡೆವು.

ಮೊದಲು ಕಾಂಕ್ರೀಟಿನ ವಿಷಯ. ನೋಡೋಕೆ ಬಂಡೆಯಂತಿದ್ದರೂ ಅದು ಒಳಗೆ ಸೂಕ್ಷ್ಮ ರಂಧ್ರಗಳಿಂದ ತುಂಬಿದೆ. ಬಿದ್ದ ದ್ರವವನ್ನು ಇಡ್ಲಿ ಸಾಂಬಾರು ಹೀರಿದ ಹಾಗೆ ಹೀರಿಕೊಳ್ಳುತ್ತೆ. ಹೊಸ ಕಾಂಕ್ರೀಟು ತೀವ್ರ ಕ್ಷಾರೀಯ, ಅದರ ಪಿಎಚ್ 12ರಿಂದ 13ರ ಆಸುಪಾಸು. ಸಿಮೆಂಟು ನೀರಿನ ಜೊತೆ ಸೇರಿ ಗಟ್ಟಿಯಾಗುವಾಗ ಸುಣ್ಣ, ಅಂದರೆ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಹುಟ್ಟುತ್ತೆ. ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ಅದು ನಿಧಾನಕ್ಕೆ ಕ್ಯಾಲ್ಸಿಯಂ ಕಾರ್ಬೊನೇಟ್ ಆಗುತ್ತೆ. ಇವೆರಡನ್ನೂ ಆಮ್ಲ ತಿಂದುಹಾಕುತ್ತೆ. ಆಸಿಡ್ ಸುರಿದಾಗ ಬುಸ್ಸೆಂದು ನೊರೆ ಬರುತ್ತಲ್ಲ, ಕಲೆ ಕರಗ್ತಾ ಇದೆ ಅಂತ ನಾವು ಖುಷಿಪಡ್ತೀವಿ. ಕರಗ್ತಿರೋದು ಬಹುಪಾಲು ನೆಲವೇ. ಕರಗಿ ಬರೋದು ಕ್ಯಾಲ್ಸಿಯಂ ಕ್ಲೋರೈಡ್ ಅನ್ನೋ ಉಪ್ಪು. ನೀರು ಹಾಯಿಸಿದಾಗ ಆ ಉಪ್ಪು, ಜೊತೆಗೆ ಖರ್ಚಾಗದೆ ಉಳಿದ ಆಮ್ಲ ಎರಡೂ ಸೇರಿ ನೇರ ಗಿಡದ ಬುಡಕ್ಕೆ. ಇನ್ನು ಆ ಹಳದಿ ಛಾಯೆ? ಆಮ್ಲ ಕಲೆಯ ಕಬ್ಬಿಣವನ್ನಷ್ಟೇ ಅಲ್ಲ, ಸಿಮೆಂಟು ಜಲ್ಲಿಯಲ್ಲಿದ್ದ ಕಬ್ಬಿಣವನ್ನೂ ಕರಗಿಸಿ ಮೇಲೆ ಹರಡಿ ಒಣಗಿತು. ಅಲ್ಲಿಗೆ ಇದ್ದ ಕಲೆಯ ಜೊತೆಗೆ ಹೊಸದೊಂದು.

ಈಗ ಪರ್ತ್. ಮಂಗಳೂರು, ಉಡುಪಿ, ಕಾಸರಗೋಡು ಕಡೆಯವರಿಗೆ ಈ ಕಲೆ ಹೊಸದಲ್ಲ. ಕೆಂಪುಕಲ್ಲಿನ ಸೀಮೆಯ ಎಷ್ಟೋ ಬಾವಿಗಳ ನೀರು ಬಕೆಟ್ಟಿಗೂ ಬಚ್ಚಲಿಗೂ ಕೆಂಪು ಹತ್ತಿಸುತ್ತೆ. ಪರ್ತ್ ನಗರ ಕೂತಿರೋದು ಮರಳಿನ ಮೇಲೆ, ಮರಳಿನಡಿ ನೀರು. ಉತ್ತರಕ್ಕೆ ನ್ಯಾಂಗರಾ ಮೌಂಡ್ ಅನ್ನೋ ದೊಡ್ಡ ಅಂತರ್ಜಲದ ದಿಬ್ಬವಿದೆ. ಮನೆತೋಟಕ್ಕೆ ಅಂತಲೇ ಕೊರೆಸಿದ ಬೋರುಗಳು ನಗರದಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು. ಈ ನೀರು ಆಮ್ಲಜನಕವಿಲ್ಲದ ಆಳದಲ್ಲಿರುವಾಗ ಅದರಲ್ಲಿನ ಕಬ್ಬಿಣ ಕರಗಿದ ಸ್ಥಿತಿಯಲ್ಲೇ ಇರುತ್ತೆ. ಪಂಪಿನಿಂದ ಆಗಷ್ಟೇ ಬಂದ ನೀರು ಲೋಟದಲ್ಲಿ ಸ್ವಚ್ಛವಾಗೇ ಕಾಣುತ್ತೆ. ಸ್ಪ್ರಿಂಕ್ಲರ್ ಅದನ್ನು ಸಣ್ಣ ಹನಿಗಳಾಗಿ ಗಾಳಿಗೆ ಎರಚಿದ ಮೇಲೆ ಆಮ್ಲಜನಕ ಸಿಕ್ಕಿ ಕಬ್ಬಿಣ ತುಕ್ಕಾಗುತ್ತೆ, ಗೋಡೆ, ಬೇಲಿ, ನೆಲ ಎಲ್ಲಕ್ಕೂ ಅಂಟುತ್ತೆ. ಇದಕ್ಕೆ ಬಹಳ ಕಬ್ಬಿಣವೇನೂ ಬೇಕಿಲ್ಲ. ಆಸ್ಟ್ರೇಲಿಯಾದ ಕುಡಿಯುವ ನೀರಿನ ಮಾರ್ಗಸೂಚಿ ರುಚಿ ಮತ್ತು ಕಲೆಯ ದೃಷ್ಟಿಯಿಂದ ಇಟ್ಟಿರುವ ಮಿತಿ ಲೀಟರಿಗೆ 0.3 ಮಿಲಿಗ್ರಾಂ ಮಾತ್ರ.

ಹಾಗಾಗಿ ಪರ್ತ್‌ನಲ್ಲಿ ಕಲೆ ತೆಗೆಯೋದು ಎರಡನೇ ಕೆಲಸ. ಮೊದಲನೆಯದು ಸ್ಪ್ರಿಂಕ್ಲರಿನ ಮೂತಿ ತಿರುಗಿಸೋದು. ಅಲ್ಲಿಯವರು ರೆಟಿಕ್ ಅಂತ ಕರೆಯೋ ಆ ವ್ಯವಸ್ಥೆ ನೆಲಕ್ಕೆ ಎರಚ್ತಾನೇ ಇದ್ದರೆ ನೀವು ಶನಿವಾರ ತೊಳೆದಿದ್ದು ಮುಂದಿನ ಶನಿವಾರಕ್ಕೆ ಮತ್ತೆ ಹಾಜರ್. ಮನೆತೋಟದ ಬೋರಿಗೆ 2022ರ ಸೆಪ್ಟೆಂಬರ್‌ನಿಂದ ವಾರಕ್ಕೆ ಎರಡೇ ದಿನ ಸ್ಪ್ರಿಂಕ್ಲರ್ ಅನ್ನೋ ನಿಯಮ ಬಂತು, ಜೂನ್‌ನಿಂದ ಆಗಸ್ಟ್‌ವರೆಗೆ ಪೂರ್ತಿ ಬಂದ್. ಆ ಮೂರು ತಿಂಗಳೇ ಕಲೆ ತೆಗೆಯೋಕೆ ಸರಿಯಾದ ಕಾಲ. ಹೊಸ ಕಲೆ ಬೀಳಲ್ಲ, ಬಿಸಿಲಿಗೆ ದ್ರಾವಣ ಬೇಗ ಒಣಗಲ್ಲ, ಮಳೆ ಬಂದು ಮಣ್ಣನ್ನು ತೊಳೆಯುತ್ತೆ.

ಬ್ಲೀಚ್ ಹಾಕಿದರೆ? ಬೇಡ. ಬ್ಲೀಚ್ ಮಾಡೋದು ಉತ್ಕರ್ಷಣೆ, ಅಂದರೆ ಆಮ್ಲಜನಕ ಸೇರಿಸಿ ತುಕ್ಕು ಹಿಡಿಸುವ ಥರದ್ದೇ ಕೆಲಸ. ಆಗಲೇ ತುಕ್ಕಾಗಿರೋದಕ್ಕೆ ಅದರಿಂದೇನೂ ಆಗಲ್ಲ, ಇನ್ನೂ ಆಗದೇ ಉಳಿದ ಕಬ್ಬಿಣವೂ ತುಕ್ಕಾಗಿ ಕೂರುತ್ತೆ. ತುಕ್ಕಿಗೆ ಬೇಕಾಗಿರೋದು ಕಬ್ಬಿಣದ ಅಯಾನನ್ನು ಅಪ್ಪಿ ಹಿಡಿದು ನೀರಿಗೆ ಎಳೆಯೋ ಅಣು. ಅಂಥವು ಎರಡು ನಮಗೆ ಪರಿಚಿತ. ಒಂದು ಆಕ್ಸಾಲಿಕ್ ಆಮ್ಲ, ಇನ್ನೊಂದು ಸಿಟ್ರಿಕ್ ಆಮ್ಲ ಅಂದರೆ ನಮ್ಮ ನಿಂಬೆ ಉಪ್ಪು.

ಆಕ್ಸಾಲಿಕ್ ಕೆಲಸಗಾರ, ಅದರಲ್ಲಿ ಅನುಮಾನವಿಲ್ಲ. ಅಂಗಡಿಯಲ್ಲಿ ಸಿಗೋ ತುಕ್ಕು ತೆಗೆಯುವ ಎಷ್ಟೋ ಪುಡಿಗಳಲ್ಲಿ ಅದೇ ಇರೋದು. ಅದು ಕಾಂಕ್ರೀಟಿನ ಕ್ಯಾಲ್ಸಿಯಂ ಜೊತೆ ಸೇರಿದರೆ ಕ್ಯಾಲ್ಸಿಯಂ ಆಕ್ಸಲೇಟ್ ಆಗುತ್ತೆ. ನೀರಿನಲ್ಲಿ ಕರಗದ ವಸ್ತು. ಕೆಸುವಿನ ಎಲೆ ಗಂಟಲು ಕೆರೆಯೋದು ಇದರ ಸೂಜಿಗಳಿಂದ, ಪತ್ರೊಡೆಗೆ ಹುಣಸೆಹುಳಿ ಬೀಳೋದು ಇದಕ್ಕಾಗಿ. ಕಿಡ್ನಿ ಕಲ್ಲುಗಳಲ್ಲಿ ಹೆಚ್ಚಿನವೂ ಇದರವೇ. ಕಲ್ಲಾಗಿ ಕೂತರೆ ಗಿಡಕ್ಕೆ ತೊಂದರೆ ಕಡಿಮೆ. ಆದರೆ ಇನ್ನೂ ಕಲ್ಲಾಗದ ಆಮ್ಲ ಎಲೆ ಬೇರು ಎರಡನ್ನೂ ಸುಡುತ್ತೆ, ನುಂಗಿದರೆ ಮನುಷ್ಯರಿಗೂ ನಾಯಿಬೆಕ್ಕಿಗೂ ವಿಷ. ಕೈಗವಸು, ಕನ್ನಡಕ ಇಲ್ಲದೆ ಮುಟ್ಟಬೇಡಿ, ಮಕ್ಕಳು ಓಡಾಡೋ ಹೊತ್ತಲ್ಲಿ ಹಚ್ಚಬೇಡಿ. ನೆಲದ ಮೇಲೆ ಒಣಗೋಕೂ ಬಿಡಬೇಡಿ. ಬಿಸಿಲು ಬಿದ್ದರೆ ಕಬ್ಬಿಣದ ಆಕ್ಸಲೇಟ್ ಒಡೆದು ಹಳದಿ ಪುಡಿಯಾಗಿ ಕೂರಬಹುದು.

ನಮ್ಮ ಒಲವು ನಿಂಬೆ ಉಪ್ಪಿನ ಕಡೆ. ಅದನ್ನೂ ಹಾಗೇ ಹಾಕಿದರೆ ಆಮ್ಲವೇ, ಕಾಂಕ್ರೀಟನ್ನು ಕಚ್ಚುತ್ತೆ. ಅದಕ್ಕೆ ಅಡುಗೆ ಸೋಡಾ ಬೆರೆಸಿ. 100 ಗ್ರಾಂ ನಿಂಬೆ ಉಪ್ಪಿಗೆ ಸುಮಾರು 130 ಗ್ರಾಂ ಸೋಡಾ, ಮುಕ್ಕಾಲು ಲೀಟರ್ ನೀರು. ದೊಡ್ಡ ಬಕೆಟ್ ತಗೊಂಡು ಸೋಡಾವನ್ನು ಸ್ವಲ್ಪಸ್ವಲ್ಪವೇ ಹಾಕಿ, ಇಲ್ಲಾಂದ್ರೆ ಉಕ್ಕಿ ಹೊರಗೆ ಬರುತ್ತೆ. ನೊರೆ ನಿಂತ ಮೇಲೆ ಉಳಿಯೋದು ಸೋಡಿಯಂ ಸಿಟ್ರೇಟ್. ಆಮ್ಲತನ ಹೋಗಿದೆ, ಕಬ್ಬಿಣ ಹಿಡಿಯೋ ಗುಣ ಉಳಿದಿದೆ. ಹಳೆಯ ಕಟ್ಟಡಗಳ ಕಲ್ಲು, ಸಿಮೆಂಟಿನ ಮೇಲಿನ ತುಕ್ಕು ತೆಗೆಯುವವರು ಈ ಸಿಟ್ರೇಟಿಗೆ ಗ್ಲಿಸರಿನ್ನು, ಸೀಮೆಸುಣ್ಣದ ಪುಡಿ ಕಲಸಿ ಹಚ್ಚುವ ಪದ್ಧತಿ ಬಹಳ ಕಾಲದಿಂದ ಇದೆ. ಅಜ್ಜಿ ಉಳುಕಿದ ಕಾಲಿಗೆ ಪಟ್ಟು ಹಾಕ್ತಿದ್ದರಲ್ಲ, ಅದೇ ಥರ. ಟಾಲ್ಕಂ ಪುಡಿ ಅಥವಾ ಬಣ್ಣ ಬೆರೆಸದ ಬಿಳಿ ರಂಗೋಲಿ ಪುಡಿಯನ್ನು ಈ ದ್ರಾವಣದಲ್ಲಿ ದೋಸೆಹಿಟ್ಟಿಗಿಂತ ಗಟ್ಟಿಯಾಗಿ ಕಲಸಿ, ಕಲೆಯ ಮೇಲೆ ಬೆರಳು ದಪ್ಪ ಹಚ್ಚಿ, ಪ್ಲಾಸ್ಟಿಕ್ ಮುಚ್ಚಿ ಒಂದು ದಿನ ಬಿಡಿ. ಆಮೇಲೆ ಪ್ಲಾಸ್ಟಿಕ್ ತೆಗೆದು ಒಣಗಲು ಬಿಡಿ. ಒಣಗುವಾಗ ರಂಧ್ರದೊಳಗಿನ ನೀರು ಕಬ್ಬಿಣವನ್ನೂ ಕರ್ಕೊಂಡು ಮೇಲೆ ಬರುತ್ತೆ. ಕೆರೆದು ಕಸದ ಡಬ್ಬಿಗೆ ಹಾಕಿ. ಹರಿಯೋ ನೀರೇ ಇಲ್ಲ, ಹಾಗಾಗಿ ಗಿಡಕ್ಕೆ ಹೋಗೋದೂ ಇಲ್ಲ ಅನ್ನುವಷ್ಟು ಕಡಿಮೆ. ಆದರೆ ಇದು ನಿಧಾನ. ಹೊಸ ಕಲೆ ಒಂದೆರಡು ಸಲಕ್ಕೆ ಹೋದೀತು, ಹತ್ತು ವರ್ಷದ ಕಲೆ ನಾಲ್ಕೈದು ಸಲಕ್ಕೂ ಪೂರ್ತಿ ಹೋಗದೇ ಇರಬಹುದು. ಆಸಿಡ್ಡಿನ ನೊರೆ ನೋಡಿ ರೂಢಿಯಾದವರಿಗೆ ತಾಳ್ಮೆ ಸಾಲದು.

ಪರ್ತ್‌ನಲ್ಲಿ ಇನ್ನೊಂದು ಅಪಾಯ ಇದೆ, ಅದು ಬೇರೆ ಊರಿನವರಿಗೆ ಹೊಳೆಯೋದೇ ಇಲ್ಲ. ತುಕ್ಕಿಗೆ ಅಂತ ಮಾರುವ ಕೆಲವು ದ್ರಾವಣಗಳಲ್ಲಿ ಇರೋದು ಫಾಸ್ಫಾರಿಕ್ ಆಮ್ಲ. ಫಾಸ್ಫೇಟ್ ಅಂದರೆ ಗೊಬ್ಬರ ತಾನೇ, ಗಿಡಕ್ಕೆ ಒಳ್ಳೇದೇ ಅಲ್ವಾ ಅನ್ನಿಸುತ್ತೆ. ಆದರೆ ನೈರುತ್ಯ ಆಸ್ಟ್ರೇಲಿಯಾದ ಮಣ್ಣು ರಂಜಕದ ವಿಷಯದಲ್ಲಿ ಜಗತ್ತಿನ ಕಡುಬಡವ ಮಣ್ಣುಗಳಲ್ಲೊಂದು. ಅಲ್ಲಿನ ಬ್ಯಾಂಕ್ಸಿಯಾ, ಹೇಕಿಯಾ ಗಿಡಗಳು ಲಕ್ಷಾಂತರ ವರ್ಷ ಆ ಬಡತನಕ್ಕೆ ಹೊಂದಿಕೊಂಡು ಬಂದಿವೆ. ಬಾಟಲಿ ಬ್ರಷ್ಷಿನಂಥ ದಟ್ಟ ಬೇರಿನ ಗೊಂಚಲು ಬಿಟ್ಟು, ಅದರಿಂದ ಸಿಟ್ರೇಟಿನಂಥ ಆಮ್ಲಗಳನ್ನು ಸ್ರವಿಸಿ, ಮಣ್ಣಿನಲ್ಲಿ ಕಬ್ಬಿಣಕ್ಕೆ ಅಂಟಿಕೊಂಡ ರಂಜಕವನ್ನು ಬಿಡಿಸಿ ತಿನ್ನುತ್ತವೆ. ಹೌದು, ಈಗಷ್ಟೇ ನಾವು ಬಕೆಟ್ಟಿನಲ್ಲಿ ಮಾಡಿದ ರಸಾಯನವೇ. ಪಶ್ಚಿಮ ಆಸ್ಟ್ರೇಲಿಯಾ ವಿಶ್ವವಿದ್ಯಾಲಯದ ಹಾನ್ಸ್ ಲ್ಯಾಂಬರ್ಸ್ ಮತ್ತು ಸಂಗಡಿಗರು ಇದನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದ್ದಾರೆ. ಈ ಗಿಡಗಳಲ್ಲಿ ಹಲವಕ್ಕೆ ರಂಜಕ ಸಾಕು ಅನ್ನೋದೇ ಗೊತ್ತಿಲ್ಲ. ಸಿಕ್ಕಷ್ಟೂ ಹೀರಿ, ಎಲೆಯಲ್ಲಿ ವಿಷದ ಮಟ್ಟಕ್ಕೆ ತುಂಬಿಕೊಂಡು, ಸುಟ್ಟಂತಾಗಿ ಸಾಯುತ್ತವೆ. ಸ್ವಾನ್ ಕರಾವಳಿ ಬಯಲಿನ ಬ್ಯಾಂಕ್ಸಿಯಾ ಕಾಡುಗಳನ್ನು ಆಸ್ಟ್ರೇಲಿಯಾ ಸರ್ಕಾರ 2016ರಲ್ಲಿ ಅಳಿವಿನಂಚಿನ ಸಮುದಾಯ ಅಂತ ಪಟ್ಟಿಗೆ ಸೇರಿಸಿದೆ. ನಿಮ್ಮ ಹಿತ್ತಲಲ್ಲಿ ಒಂದು ಬ್ಯಾಂಕ್ಸಿಯಾ ಇದ್ದರೆ ಫಾಸ್ಫೇಟ್ ಇರುವ ಯಾವ ಕ್ಲೀನರನ್ನೂ ಅದರ ಹತ್ತಿರ ತರಬೇಡಿ. ಬಾಟಲಿಯ ಹಿಂಬದಿ ಓದಿ.

ಬ್ರಿಸ್ಬೇನಿಗೆ ಬಂದರೆ ಕಲೆಯ ಜಾತಿಯೇ ಬೇರೆ. ಅಲ್ಲಿ ಕಪ್ಪು. ಸೆಖೆ, ಬೇಸಿಗೆಯ ಮಳೆ, ಮರದ ನೆರಳು. ಪಾಚಿ, ಶಿಲೀಂಧ್ರ, ಕಲ್ಲುಹೂವು ಎಲ್ಲ ಸೇರಿ ಕಟ್ಟಿದ ಪದರ. ಭೂಮಧ್ಯರೇಖೆಯ ಈಚೆ ಬಂದವರು ಒಂದು ನೆನಪಿಡಬೇಕು, ಇಲ್ಲಿ ಸೂರ್ಯ ಉತ್ತರದ ಕಡೆ ವಾಲ್ತಾನೆ. ಮನೆಯ ದಕ್ಷಿಣ ಬದಿಗೆ ಬಿಸಿಲು ಬೀಳೋದು ಕಡಿಮೆ, ಪಾಚಿ ಕಟ್ಟೋದೂ ಅಲ್ಲೇ. ದಕ್ಷಿಣದ ಬಾಗಿಲು ಬೇಡ ಅನ್ನುವವರಿಗೆ ಕೊನೆಗೂ ಒಂದು ಭೌತಿಕ ಕಾರಣ ಸಿಕ್ಕಂತಾಯ್ತು!

ಪಾಚಿಗೆ ಜನ ಹೈ ಪ್ರೆಷರ್ ವಾಷರ್ ಹಿಡೀತಾರೆ. ತಕ್ಷಣ ಬೆಳ್ಳಗಾಗುತ್ತೆ ನಿಜ. ಆದರೆ ಮೂತಿ ತೀರಾ ಹತ್ತಿರ ಹಿಡಿದರೆ ಮೇಲಿನ ನಯವಾದ ಸಿಮೆಂಟು ಹಾರಿಹೋಗಿ ಮರಳು ಜಲ್ಲಿ ಕಾಣುತ್ತೆ. ಆ ಒರಟಿನಲ್ಲಿ ಮುಂದಿನ ವರ್ಷದ ಪಾಚಿಗೆ ಇನ್ನೂ ಒಳ್ಳೆ ಹಿಡಿತ. ಗಟ್ಟಿ ಬ್ರಷ್ಷು ಮತ್ತು ಸೋಡಿಯಂ ಪರ್ಕಾರ್ಬೊನೇಟ್ ಸಾಕು ಅಂತ ನಮ್ಮ ಅನಿಸಿಕೆ. ಮಗುವಿನ ಬಟ್ಟೆ ನೆನೆಸೋಕೆ ಸೂಪರ್‌ಮಾರ್ಕೆಟ್ಟಿನಲ್ಲಿ ಸಿಗೋ ನ್ಯಾಪಿ ಸೋಕರ್ ಪುಡಿಗಳಲ್ಲಿ ಮುಖ್ಯವಾಗಿ ಇರೋದು ಅದೇ. ಬಿಸಿನೀರಿಗೆ ಬಿದ್ದರೆ ಹೈಡ್ರೋಜನ್ ಪೆರಾಕ್ಸೈಡ್ ಮತ್ತು ವಾಷಿಂಗ್ ಸೋಡಾ ಆಗಿ ಒಡೆಯುತ್ತೆ. ಪೆರಾಕ್ಸೈಡ್ ಕೆಲಸ ಮುಗಿಸಿ ನೀರು, ಆಮ್ಲಜನಕ ಆಗಿ ಹೋಗುತ್ತೆ. ಉಳಿಯೋದು ಸೋಡಾ. ಕ್ಲೋರಿನ್ ಬ್ಲೀಚಿನಷ್ಟು ಕೆಟ್ಟದ್ದಲ್ಲ, ಆದರೂ ಕ್ಷಾರ. ಗಾರ್ಡೇನಿಯಾ, ಅಜೇಲಿಯಾದಂಥ ಹುಳಿ ಮಣ್ಣು ಇಷ್ಟಪಡುವ ಗಿಡಗಳ ಕಡೆ ಹರಿಸಬೇಡಿ. ಹುಲ್ಲುಹಾಸಿನ ಕಡೆ, ಧಾರಾಳ ನೀರು ಬೆರೆಸಿ ಬಿಡಿ.

ಅಕ್ಟೋಬರ್ ನವೆಂಬರ್‌ನಲ್ಲಿ ಜಕರಂಡ ಹೂವು ನೆಲವೆಲ್ಲ ನೇರಳೆ ಮಾಡುತ್ತೆ. ಬ್ರಿಸ್ಬೇನ್ ಬೊಟಾನಿಕ್ ಗಾರ್ಡನ್ಸ್‌ನಲ್ಲಿ 1864ರಲ್ಲಿ ವಾಲ್ಟರ್ ಹಿಲ್ ನೆಟ್ಟಿದ್ದೇ ಆಸ್ಟ್ರೇಲಿಯಾದ ಮೊದಲ ಜಕರಂಡ ಅಂತ ಹೇಳ್ತಾರೆ. ಬೆಂಗಳೂರಿನವರಿಗೆ ಈ ಹೂವು ಮನೆಯ ನೆನಪು. ಕೊಳೆತ ಹೂವು, ಎಲೆಗಳಿಂದ ಇಳಿಯೋ ಟ್ಯಾನಿನ್ ಕಂದು ಕಲೆ ಬಿಡುತ್ತೆ. ಅದರ ಜೊತೆ ಕಬ್ಬಿಣ ಸೇರಿದರೆ ಕಡುಕಪ್ಪು. ಅಳಲೆಕಾಯಿಗೆ ಕಬ್ಬಿಣ ಸೇರಿಸಿ ಕಪ್ಪು ಶಾಯಿ ಮಾಡ್ತಿದ್ದದ್ದು ಇದೇ ರಸಾಯನದಿಂದ. ಕಬ್ಬಿಣದ ಕುರ್ಚಿಯ ಕಾಲಡಿ ಎಲೆ ಬಿದ್ದು ಒದ್ದೆಯಾದರೆ ನಿಮ್ಮ ಅಂಗಳದಲ್ಲೇ ಶಾಯಿ ತಯಾರು. ಒಣಗಿರುವಾಗಲೇ ಗುಡಿಸಿಬಿಟ್ಟರೆ ಯಾವ ರಾಸಾಯನಿಕವೂ ಬೇಡ.

ಬ್ರಿಸ್ಬೇನಿನಿಂದ ಬಂದ ಪ್ರಶ್ನೆ ಒಂದು ನಮಗೆ ಬಹಳ ಇಷ್ಟವಾಯ್ತು. ಗೃಹಪ್ರವೇಶದಲ್ಲಿ ಓಕುಳಿ ನೀರಿನ ಆರತಿ ಮಾಡಿ ಬಾಗಿಲಾಚೆ ಚೆಲ್ಲಿದ್ದಾರೆ, ಹೊಸ ಕಾಂಕ್ರೀಟು ಕೆಂಪಾಗಿದೆ. ಓಕುಳಿ ಮಾಡೋದು ಹೇಗೆ? ಅರಿಶಿನದ ನೀರಿಗೆ ಸುಣ್ಣ. ಅರಿಶಿನದ ಕರ್ಕ್ಯುಮಿನ್ ಕ್ಷಾರಕ್ಕೆ ಕೆಂಪಾಗುತ್ತೆ. ಕಾಂಕ್ರೀಟಿನಲ್ಲಿ ಸುಣ್ಣ ಮೊದಲೇ ಇದೆಯಲ್ಲ, ಬರೀ ಅರಿಶಿನದ ನೀರು ಬಿದ್ದಿದ್ದರೂ ಅದು ಓಕುಳಿಯೇ ಆಗ್ತಿತ್ತು. ಪರ್ಕಾರ್ಬೊನೇಟ್ ಹಾಕಿದರೆ ಮೊದಲು ಇನ್ನಷ್ಟು ಕೆಂಪೇರಬಹುದು, ಗಾಬರಿ ಬೇಡ, ಆಮೇಲೆ ಮಾಸುತ್ತೆ. ಏನೂ ಹಾಕದಿದ್ದರೂ ನಡೆಯುತ್ತೆ. ಕರ್ಕ್ಯುಮಿನ್‌ಗೆ ಬಿಸಿಲು ಆಗಿಬರಲ್ಲ. ಕ್ವೀನ್ಸ್‌ಲ್ಯಾಂಡಿನ ಬಿಸಿಲಿಗೆ ಬಿಟ್ಟುಬಿಡಿ.

ಇಲ್ಲಿ ಒಂದು ಮಾತು ನಿಲ್ಲಿಸಿ ಹೇಳ್ತೀವಿ. ಒಂದು ಸಲಕ್ಕೆ ಕಲೆ ಹೋಗಲಿಲ್ಲ ಅಂತ ಬ್ಲೀಚಿನ ಮೇಲೆ ಆಮ್ಲ, ಆಮ್ಲದ ಮೇಲೆ ಬ್ಲೀಚ್ ಹಾಕಬೇಡಿ. ವಿನಿಗರ್ ಕೂಡ ಆಮ್ಲವೇ, ನಿಂಬೆ ಉಪ್ಪೂ ಆಮ್ಲವೇ. ಎರಡು ಸೇರಿದರೆ ಕ್ಲೋರಿನ್ ಅನಿಲ ಬರುತ್ತೆ, 1915ರಲ್ಲಿ ಈಪ್ರ್ ಯುದ್ಧಭೂಮಿಯಲ್ಲಿ ಸೈನಿಕರ ಮೇಲೆ ಬಿಟ್ಟದ್ದು ಅದನ್ನೇ. ಕಾರ್ ಶೆಡ್ಡಿನಂಥ ಮುಚ್ಚಿದ ಜಾಗದಲ್ಲಿ ಇದು ಪ್ರಾಣಕ್ಕೇ ಬರುತ್ತೆ. ನಿನ್ನೆ ಹಾಕಿದ್ದು ರಂಧ್ರದಲ್ಲಿ ಇನ್ನೂ ಇರಬಹುದು. ಬೇರೆಯದು ಹಾಕೋ ಮುಂಚೆ ಚೆನ್ನಾಗಿ ತೊಳೆದು, ಕೆಲವು ದಿನ ಬಿಡಿ. ಆಮ್ಲ ನೀರಿಗೆ ಸೇರಿಸಬೇಕು, ನೀರನ್ನು ಆಮ್ಲಕ್ಕಲ್ಲ.

ಅಡಿಲೇಡಿನ ಕಲೆ ಬಿಳಿ. ಕಾಂಕ್ರೀಟು, ಇಟ್ಟಿಗೆಯೊಳಗಿನ ಉಪ್ಪು, ಸುಣ್ಣ ತೇವದ ಜೊತೆ ಮೇಲೆ ಬಂದು ಬೂದಿ ಬಳಿದ ಹಾಗೆ ಕೂರುತ್ತೆ. ಹಳೆ ಮನೆಗಳ ಗೋಡೆಗೆ ಏರೋ ಈ ಕಾಟಕ್ಕೆ ಅಲ್ಲಿ ಸಾಲ್ಟ್ ಡ್ಯಾಂಪ್ ಅಂತಲೇ ಹೆಸರು. ಬೆಂಗಳೂರಿನ ಬೋರ್‌ವೆಲ್ ನೀರು ನಲ್ಲಿಗೆ ಕಟ್ಟೋ ಬಿಳಿ ಪೊರೆಯ ನೆಂಟ ಇದು. ನೀರು ಹಾಕಿ ತೊಳೆದರೆ ಉಪ್ಪು ಕರಗಿ ಮತ್ತೆ ಒಳಗೆ ಹೋಗುತ್ತೆ, ಒಣಗಿದ ಮೇಲೆ ಮತ್ತೆ ಬರುತ್ತೆ. ಒಣ ಬ್ರಷ್ಷಿನಿಂದ ಉಜ್ಜಿ, ಪುಡಿ ಎತ್ತಿ ಬಿಸಾಡಿ. ಅದನ್ನು ಹೂವಿನ ಪಾತಿಗೆ ಗುಡಿಸಬೇಡಿ, ಉಪ್ಪು ತಾನೇ.

ಅಡಿಲೇಡಿನಲ್ಲೂ ಕಂದು ಚುಕ್ಕೆ ಕಾಣೋದುಂಟು, ಅದರ ಕಥೆ ಸ್ವಾರಸ್ಯ. ಅಲ್ಲಿ ಬಹಳಷ್ಟು ಕಡೆ ಮಣ್ಣು ಸುಣ್ಣದ ಅಂಶವಿರುವ ಕ್ಷಾರ ಮಣ್ಣು. ಕಬ್ಬಿಣ ಇದ್ದರೂ ಬೇರಿಗೆ ಸಿಗಲ್ಲ. ನಿಂಬೆ, ಗುಲಾಬಿಯ ಎಳೆ ಎಲೆಗಳು ಹಳದಿಯಾಗಿ ನರ ಮಾತ್ರ ಹಸಿರು ಉಳಿಯುತ್ತೆ. ಜನ ಐರನ್ ಸಲ್ಫೇಟ್ ತಂದು ಹಾಕ್ತಾರೆ. ಆಗ ನಾಲ್ಕು ಹರಳು ಕಾಂಕ್ರೀಟಿನ ಮೇಲೆ ಬಿದ್ದರೆ, ನೀರು ಸೋಕಿದ ಕೂಡಲೇ ತುಕ್ಕಿನ ಚುಕ್ಕೆ. ಗಿಡಕ್ಕೆ ಎಷ್ಟು ಕೊಟ್ಟರೂ ಸಾಲದ ಕಬ್ಬಿಣ ನೆಲಕ್ಕೆ ನಾಲ್ಕು ಹರಳಿಗೇ ಹತ್ತಿಬಿಡುತ್ತೆ. ನೀರು ಬಿಡೋ ಮುಂಚೆ ಗುಡಿಸಬೇಕು ಅಷ್ಟೇ.

ಒಂದೇ ಬಕೆಟ್ ಆಮ್ಲವನ್ನು ಈ ಮೂರು ಊರಲ್ಲಿ ಚೆಲ್ಲಿದರೆ ಏನಾಗುತ್ತೆ ನೋಡಿ. ಅಡಿಲೇಡಿನ ಸುಣ್ಣದ ಮಣ್ಣು ಅದನ್ನು ಬಹಳಮಟ್ಟಿಗೆ ತಣಿಸಿಬಿಡುತ್ತೆ. ಬ್ರಿಸ್ಬೇನಿನ ಜೇಡಿಮಣ್ಣು ಒಂದಿಷ್ಟು ಹಿಡಿದಿಡುತ್ತೆ, ಆದರೆ ಸೋಡಿಯಂ ಇರೋ ನೀರು ಪದೇ ಪದೇ ಬಿದ್ದರೆ ಜೇಡಿಯೇ ಬಿಗಿದು ನೀರು ಇಂಗದಂತಾಗುತ್ತೆ. ಪರ್ತ್‌ನ ಬೂದುಬಣ್ಣದ ಮರಳಿಗೆ ತಣಿಸೋ ಶಕ್ತಿ ಇಲ್ಲವೇ ಇಲ್ಲ ಅನ್ನಬೇಕು, ಸುರಿದದ್ದು ಸುರಿದ ಹಾಗೇ ಬೇರಿಗಿಳಿಯುತ್ತೆ. ನಮ್ಮ ಕೇಳುಗರ ಕರಿಬೇವಿಗೆ ಆಗಿದ್ದು ಅದೇ. ಕುಂಡದಲ್ಲಿದ್ದ ತುಳಸಿಯಾಗಿದ್ದರೆ ಇನ್ನೂ ಬೇಗ ಹೋಗ್ತಿತ್ತು.

ಏನೇ ಹಾಕಿ, ಗಿಡಕ್ಕೆ ಮೊದಲು ನೀರು ಕುಡಿಸಿ. ಎಲೆ ತೋಯಿಸಿ, ಬುಡ ನೆನೆಸಿ. ನೆನೆದ ಮಣ್ಣು ಹೊಸ ದ್ರಾವಣವನ್ನು ಅಷ್ಟು ಹೀರಲ್ಲ, ಹೀರಿದ್ದೂ ತೆಳುವಾಗುತ್ತೆ. ಹಳೆ ಟವೆಲ್ಲನ್ನು ಸುರುಳಿ ಸುತ್ತಿ ಪಾತಿಯ ಅಂಚಿಗೆ ಅಡ್ಡ ಇಟ್ಟರೆ ಒಳ್ಳೇ ಒಡ್ಡು. ಗಿಡಕ್ಕೆ ಪ್ಲಾಸ್ಟಿಕ್ ಹೊದಿಸಿ ಬಿಸಿಲಲ್ಲಿ ಬಿಡಬೇಡಿ, ಒಳಗೆ ಬೇಯುತ್ತೆ. ಹಳೆ ಬೆಡ್‌ಶೀಟ್ ವಾಸಿ. ವಿನಿಗರ್ ಜೊತೆ ಉಪ್ಪು ಹಾಕಿ ಅಂತ ಯಾರಾದರೂ ಹೇಳಿದರೆ, ಅದು ಕಳೆ ಸಾಯಿಸೋಕೆ ಬಳಸುವ ಮಿಶ್ರಣ ಅನ್ನೋದು ನೆನಪಿರಲಿ. ದೀಪಾವಳಿ ಹಣತೆಯ ಎಣ್ಣೆಗೆ ಕಡಲೆಹಿಟ್ಟು ಉದುರಿಸಿ ಹೀರಿಸಿ, ಗುಡಿಸಿ. ಉಳಿದ ಜಿಡ್ಡಿಗೆ ಸ್ವಲ್ಪ ಪಾತ್ರೆ ತೊಳೆಯೋ ಸೋಪು. ಅಂಟುವಾಳ ಸಹಜ ವಸ್ತು, ಅದನ್ನೇ ಬಳಸ್ತೀವಿ ಅಂತ ಒಬ್ಬರು ಬರೆದಿದ್ದರು. ಗಿಡಕ್ಕೇನೋ ಪರವಾಗಿಲ್ಲ, ಆದರೆ ಅದರ ಸಪೋನಿನ್ ಮೀನಿಗೆ ವಿಷ. ಮೂರೂ ನಗರಗಳಲ್ಲಿ ರಸ್ತೆಯಂಚಿನ ಮಳೆನೀರಿನ ಚರಂಡಿ ಒಳಚರಂಡಿಗೆ ಸೇರಲ್ಲ, ಸಾಮಾನ್ಯವಾಗಿ ಶುದ್ಧೀಕರಣವಿಲ್ಲದೆ ನೇರ ಹೊಳೆಗೆ, ಕಡಲಿಗೆ ಹೋಗುತ್ತೆ. ಸ್ವಾನ್, ಬ್ರಿಸ್ಬೇನ್, ಟಾರೆನ್ಸ್ ನದಿಗಳಿಗೆ ನಿಮ್ಮ ಡ್ರೈವ್‌ವೇಯಿಂದಲೇ ದಾರಿ.

ಬಾಡಿಗೆಯ ವಿಷಯ. ಸಹಜ ಸವೆತಕ್ಕೆ ಬಾಡಿಗೆದಾರ ಹೊಣೆಯಲ್ಲ ಅನ್ನೋದು ಆಸ್ಟ್ರೇಲಿಯಾದ ಎಲ್ಲ ರಾಜ್ಯಗಳ ಕಾನೂನಿನಲ್ಲೂ ಇದೆ. ಮನೆಯ ಬೋರು, ಮನೆಯ ರೆಟಿಕ್ಕು ಎರಚಿದ ಕಲೆ ನಿಮ್ಮ ತಪ್ಪು ಹೇಗಾದೀತು ಅಂತ ನಮಗಂತೂ ಅರ್ಥವಾಗಲ್ಲ. ಆದರೆ ಆಸಿಡ್ ಹಾಕಿ ಕೆರೆದ ನೆಲ ನಿಮ್ಮ ಕೈಕೆಲಸವೇ ಆಗುತ್ತೆ. ಮನೆಗೆ ಹೋದ ದಿನವೇ ನೆಲದ ಫೋಟೋ ತೆಗೆದು ಪರಿಶೀಲನಾ ವರದಿಗೆ ಸೇರಿಸಿ.

ಪರ್ತ್‌ನ ಮನೆಯವರಿಗೆ ನಾವು ಕರಿಬೇವಿನ ಕಡ್ಡಿಯ ತೊಗಟೆಯನ್ನು ಉಗುರಿನಿಂದ ಕೆರೆದು ನೋಡಿ ಅಂದಿದ್ದೆವು. ಮೇಲೆಲ್ಲ ಕಂದು, ನೆಲದಿಂದ ಒಂದು ಗೇಣಿನವರೆಗೆ ಒಳಗೆ ಇನ್ನೂ ಹಸಿರಿದೆಯಂತೆ. ಮಣ್ಣಿಗೆ ನಲ್ಲಿ ನೀರು ಧಾರಾಳ ಬಿಟ್ಟು ಉಪ್ಪನ್ನು ಆಳಕ್ಕಿಳಿಸಿ, ಒಂದು ಹಿಡಿ ತೋಟದ ಸುಣ್ಣ ಉದುರಿಸಿ, ಒಣಗಿದ್ದನ್ನು ಕತ್ತರಿಸಿ ಅಂತ ಹೇಳಿದ್ದೇವೆ. ಕರಿಬೇವು ಬೇರಿನಿಂದಲೂ ಮರಿ ಹಾಕೋ ಗಿಡ. ಮನೆ ಬಿಡೋಕೆ ಇನ್ನು ಐದು ವಾರ ಇದೆ. ಅಷ್ಟರೊಳಗೆ ಮರಿ ಬಂದರೆ ಅಗೆದು ಕುಂಡಕ್ಕೆ ಹಾಕ್ಕೊಂಡು ಹೋಗ್ತಾರೆ.